ಹಿತ್ತಿಲಿಲ್ಲದ ಊರಿಗೆ ಬಂದ ಮರಿ

ಆ ಊರಿನಲ್ಲಿ ಯಾವ ಮನೆಗೂ ಹಿತ್ತಿಲ ಬಾಗಿಲು ಇರಲಿಲ್ಲ. ಹಿಂದಿನ ಗೋಡೆಗೆ ಕಿಟಕಿಯೂ ಇರಲಿಲ್ಲ. ಊರಿಗಿದ್ದದ್ದು ಒಂದೇ ಬೀದಿ, ಅದು ಬಳೆಯ ಹಾಗೆ ದುಂಡಗೆ ಸುತ್ತಿಕೊಂಡಿತ್ತು. ಏಕೆಂದರೆ ಆ ಊರಿನಲ್ಲಿ ಯಾರೂ ಹಿಂದಿರುಗಿ ನೋಡುವಂತಿರಲಿಲ್ಲ. ಮನೆ ಬಿಟ್ಟು ಹೊರಟವನು ಮುಂದಕ್ಕೇ ನಡೆಯಬೇಕು, ಊರೆಲ್ಲ ಸುತ್ತಿ ತನ್ನ ಬಾಗಿಲಿಗೇ ಬಂದು ಸೇರಬೇಕು. ಹೆಗಲ ಮೇಲಿನ ಟವೆಲು ಜಾರಿ ಬಿದ್ದರೆ, ಬಿದ್ದದ್ದು ಒಂದು ಮಾರು ದೂರವೇ ಆಗಿದ್ದರೂ, ಇನ್ನೊಂದು ಸುತ್ತು ಹಾಕಿ ಬಂದೇ ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಅದು ಬೇರೆ ಯಾರದೋ ಹೆಗಲೇರಿರುತ್ತಿತ್ತು. ಮಜ್ಜಿಗೆ ತರಲು ಹೋಗಿ ಚೊಂಬು ಮರೆತವರ ಮಧ್ಯಾಹ್ನದ ಊಟ ಸಂಜೆಗೆ ಬೀಳುತ್ತಿತ್ತು. ಆದರೂ ಯಾರೂ ಗೊಣಗುತ್ತಿರಲಿಲ್ಲ. ಅಭ್ಯಾಸವಾಗಿ ಹೋಗಿತ್ತು.

‘ಹಿಂದೆ’ ಎನ್ನುವ ಮಾತನ್ನೇ ಅವರು ಬಾಯಿಗೆ ಕೈ ಅಡ್ಡ ಹಿಡಿದು ಆಡುತ್ತಿದ್ದರು. ದೊಡ್ಡವರು ಮಕ್ಕಳೆದುರು ಅದನ್ನು ಎತ್ತುತ್ತಲೇ ಇರಲಿಲ್ಲ. ಊರು ಕಟ್ಟಿದ ಹಿರಿಯರು ಉರಿಯುತ್ತಿದ್ದ ಇನ್ನೊಂದು ಊರನ್ನು ಬಿಟ್ಟು ಬಂದವರಂತೆ. ಬರುವ ದಾರಿಯಲ್ಲಿ ಯಾರು ತಿರುಗಿ ನೋಡಿದರೋ ಅವರ ಕಾಲು ನೆಲಕ್ಕೆ ಬೇರು ಬಿಟ್ಟು, ಅವರು ನಿಂತಲ್ಲೇ ಕಲ್ಲಾದರಂತೆ. ಹಾಗೆ ಕಲ್ಲಾದವರನ್ನು ಕಂಡವರು ಯಾರು ಎಂದು ಮಾತ್ರ ಕೇಳಬಾರದು. ಕಾಣಬೇಕಾದರೆ ಅವರೂ ತಿರುಗಿ ನೋಡಿರಬೇಕಲ್ಲ!

ವರ್ಷಕ್ಕೊಮ್ಮೆ, ಚಳಿ ಇಳಿಯುವ ಕಾಲಕ್ಕೆ, ಊರಿನ ಒಲೆಗಳನ್ನೆಲ್ಲ ಆರಿಸುತ್ತಿದ್ದರು. ಮರುದಿನ ಬೆಳಗ್ಗೆ ಊರಿಗೆ ಊರೇ ಒಂದು ಸಾಲಾಗಿ ಮಂಜಿನ ಕಣಿವೆಯನ್ನು ಹಾಯ್ದು, ಎಂದೂ ಆರದ ಕೆಂಡದ ಬಂಡೆಗೆ ಹೋಗಿ, ಮಡಕೆಗಳಲ್ಲಿ ಹೊಸ ಕೆಂಡ ತುಂಬಿಕೊಂಡು ಬೇರೊಂದು ದಾರಿಯಲ್ಲಿ ಇಳಿದು ಬರುತ್ತಿತ್ತು. ಸಾಲಿನ ಮುಂದೆ ಮುಂದಾಳು. ಮುಂದಾಳಿನ ಕೈಯಲ್ಲಿ ಗಂಟೆ. ಗಂಟೆಯ ಸದ್ದು ಹಿಡಿದು ಉಳಿದವರು. ಪ್ರತಿ ವರ್ಷವೂ ಆ ಮಂಜಿನಲ್ಲಿ ಸಾಲಿನ ಬಾಲದಿಂದ ಯಾರೋ ಒಬ್ಬಿಬ್ಬರು ಕಳಚಿಕೊಳ್ಳುತ್ತಿದ್ದರು. ಮಂಡಿನೋವಿನ ಮುದುಕಿ, ದಿನ ತುಂಬಿದ ಬಸುರಿ, ಚಪ್ಪಲಿ ಕಿತ್ತುಹೋದವನು, ಯಾವುದೋ ಹೂವು ನೋಡುತ್ತ ಸುಮ್ಮನೆ ನಿಂತುಬಿಟ್ಟವನು. ಯಾರೂ ತಿರುಗುತ್ತಿರಲಿಲ್ಲ. ಊರು ಸೇರಿ, ಹೊಸ ಒಲೆ ಹೊತ್ತಿಸಿ, ಬಾರದವರ ತಟ್ಟೆಯನ್ನು ತೊಳೆದು ಗೂಡಿನಲ್ಲಿ ಮಗುಚಿ ಇಡುತ್ತಿದ್ದರು. ಅಷ್ಟೇ. ಮಗುಚಿದ ತಟ್ಟೆಯಿಲ್ಲದ ಮನೆ ಆ ಊರಿನಲ್ಲಿರಲಿಲ್ಲ. ಕೆಲವು ಮನೆಗಳಲ್ಲಂತೂ ಮಗುಚಿದವೇ ಹೆಚ್ಚಿದ್ದವು.

ಆ ಬೀದಿಯಲ್ಲಿ ಒಂದು ಮನೆಗೆ ತಂಗುಮನೆ ಎಂದು ಹೆಸರು. ದಿಕ್ಕು ತಪ್ಪಿ ಬಂದ ಮೂಕ ಪ್ರಾಣಿಗಳನ್ನು, ಅವು ಯಾರಿಗಾದರೂ ಬೇಕಾಗುವ ತನಕ, ಅಲ್ಲಿ ಇಟ್ಟು ಸಾಕುತ್ತಿದ್ದರು. ಎದುರಿಗೆ ಬಂದದ್ದನ್ನು ಎತ್ತಿಕೊಳ್ಳಲು ಊರಿನ ಕಟ್ಟಳೆ ಅಡ್ಡ ಬರುತ್ತಿರಲಿಲ್ಲ. ಆ ಮನೆಯನ್ನು ನೋಡಿಕೊಳ್ಳುವ ಹೆಂಗಸನ್ನು ತಂಗುಮನೆಯವಳು ಎಂದೇ ಎಲ್ಲರೂ ಕರೆಯುತ್ತಿದ್ದರು. ಒಂಟಿ ಹೆಂಗಸು, ನರೆತ ತಲೆ, ಮಾತು ಕಡಿಮೆ. ಕುಂಟು ಕರುವಿಗೆ ಪಟ್ಟಿ ಕಟ್ಟುವುದು, ಕಣ್ಣು ಬಿಡದ ಬೆಕ್ಕಿನ ಮರಿಗೆ ಬತ್ತಿಯಲ್ಲಿ ಹಾಲು ಚೀಪಿಸುವುದು, ಇವೇ ಅವಳ ದಿನಗಳು.

ಕೇಳುವುದಕ್ಕೂ ಒಂದು ರೀತಿಯಿತ್ತು. ಬೇಕಾದವರು ಹೊಸ್ತಿಲ ಆಚೆ ನಿಂತು, "ನಿಮ್ಮ ಮನೇಲಿ ನಮ್ಮದೊಂದು ಇದೆ, ಕೊಡಿ" ಎನ್ನಬೇಕು. ಹೊಸ್ತಿಲ ಈಚೆಯಿಂದ ತಂಗುಮನೆಯವಳು, "ನಿಮ್ಮದಾದರೆ ಕರೀರಿ" ಎನ್ನಬೇಕು. ಅವರು ತಮಗೆ ತೋಚಿದ ಹೆಸರು ಹಿಡಿದು ಕರೆಯಬೇಕು. ಪ್ರಾಣಿ ಅವರ ಹತ್ತಿರ ಹೋಯಿತೋ, ಅಂದಿನಿಂದ ಅದೇ ಅದರ ಹೆಸರು, ಅವರದೇ ಮನೆ ಅದರ ಮನೆ. ಊರಿನಲ್ಲಿ ಯಾರು ಬೇಕಾದರೂ ಹೀಗೆ ಕೇಳಬಹುದಿತ್ತು, ತಂಗುಮನೆಯವಳೊಬ್ಬಳನ್ನು ಬಿಟ್ಟು. ಕೇಳುವವರು ಆಚೆ ನಿಲ್ಲಬೇಕು, ಕೊಡುವವರು ಈಚೆ. ಒಬ್ಬಳೇ ಹೆಂಗಸು ಎರಡೂ ಕಡೆ ಹೇಗೆ ನಿಂತಾಳು? ಅವಳಿಗೂ ಇಷ್ಟು ವರ್ಷ ಹಾಗೆ ನಿಲ್ಲಬೇಕೆಂದು ಅನ್ನಿಸಿರಲಿಲ್ಲ. ಸಾಕುತ್ತಿದ್ದಳು, ಕೊಡುತ್ತಿದ್ದಳು, ಕೊಟ್ಟ ಮೇಲೆ ಅಂಗಳ ಗುಡಿಸುತ್ತಿದ್ದಳು.

ಅವಳ ಗೂಡಿನಲ್ಲೂ ಒಂದು ತಟ್ಟೆ ಮಗುಚಿಕೊಂಡಿತ್ತು. ಅವಳ ಅಕ್ಕನದು. ಇವಳು ಚಿಕ್ಕ ಹುಡುಗಿಯಾಗಿದ್ದಾಗ ಅಕ್ಕ ತಂಗಿ ಇಬ್ಬರೂ ಕೈ ಹಿಡಿದುಕೊಂಡು ಕೆಂಡದ ಸಾಲಿಗೆ ಹೋಗಿದ್ದರು. ಮಂಜಿನಲ್ಲಿ ಅಕ್ಕನ ಕೈ ಜಾರಿತು. "ತಂಗೀ, ಒಂದು ಗಳಿಗೆ ನಿಲ್ಲೇ" ಎಂದು ಕೇಳಿಸಿತು. ಇವಳು ನಿಲ್ಲಲಿಲ್ಲ. ಕಲ್ಲಾಗುತ್ತೇನೆಂಬ ಹೆದರಿಕೆಯಲ್ಲಿ ಗಂಟೆಯ ಸದ್ದಿನತ್ತ ಓಡಿದಳು. ಅವತ್ತಿನಿಂದ ವರ್ಷಕ್ಕೊಮ್ಮೆ ಆ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯಿಸಿ, ಮತ್ತೆ ಮಗುಚಿ ಇಡುತ್ತಿದ್ದಳು.

ಒಂದು ದಿನ ಊರಿನ ಕುಂಬಾರ ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ತಂಗುಮನೆಯ ಮುಂದೆ ಬಂದು ನಿಂತ.

"ಮಣ್ಣು ಅಂತ ಅಗೆದೆ ತಾಯಿ. ಮಣ್ಣು ಕುಂಯ್ ಅಂತು" ಎಂದ.

ಬುಟ್ಟಿಯೊಳಗೆ ಅಂಗೈ ಅಗಲದ ಎರಡು ಕಿವಿ, ನಾಲ್ಕು ದಪ್ಪ ಕಾಲು, ಮಿಕ್ಕದ್ದೆಲ್ಲ ಕೆಸರು. ಮೂರು ನೀರಿನಲ್ಲಿ ತೊಳೆದ ಮೇಲೆ ಅದು ಕುರಿಮಂದೆ ಕಾಯುವ ಜಾತಿಯ ಹೆಣ್ಣು ನಾಯಿಮರಿ ಎಂದು ಗೊತ್ತಾಯಿತು. ಹೊಳೆ ಏರಿದ ದಿನ ಆಚೆ ದಡದಲ್ಲಿ ಯಾರದೋ ಮಂದೆ ಹಾದುಹೋಗಿತ್ತಂತೆ. ಮರಿ ನೀರಿಗೆ ಬಿದ್ದು, ತೇಲಿ, ಕುಂಬಾರನ ಮಣ್ಣಿನ ಗುಂಡಿಯಲ್ಲಿ ಸಿಕ್ಕಿಕೊಂಡಿತ್ತು. ತಂಗುಮನೆಯವಳು ಅದನ್ನು ಹಳೆಯ ಕಂಬಳಿಯ ಚೂರಿನ ಮೇಲೆ ಮಲಗಿಸಿದಳು. ಕಂಬಳಿಯ ಉಣ್ಣೆಯ ವಾಸನೆ ಹಿಡಿದು ಅದು ಮೂಗನ್ನು ಒಳಗೆ ತೂರಿಸಿ ನಿದ್ದೆ ಹೋಯಿತು. ನಿದ್ದೆಯಲ್ಲೇ ಕಾಲು ಆಡಿಸಿ ಯಾವುದೋ ಮಂದೆಯನ್ನು ಅಟ್ಟುತ್ತಿತ್ತು.

ಎದ್ದು ಓಡಾಡುವಂತಾದ ಮೇಲೆ ಅದರ ಬುದ್ಧಿ ಗೊತ್ತಾಯಿತು. ಚದುರಿದ್ದನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ. ಬೀದಿಯ ಕೋಳಿಗಳನ್ನೆಲ್ಲ ಅಟ್ಟಿ ತಂದು ಅಂಗಳದಲ್ಲಿ ಗುಡ್ಡೆ ಹಾಕಿತು. ಮನೆಮನೆಯ ಚಪ್ಪಲಿಗಳನ್ನು ಕಚ್ಚಿ ತಂದು ಒಂದರ ಪಕ್ಕ ಒಂದು ಪೇರಿಸಿತು. ಆಡುವ ಮಕ್ಕಳ ಸುತ್ತ ಸುತ್ತು ಹಾಕಿ ಹಾಕಿ ಅವರನ್ನೆಲ್ಲ ಒಂದೇ ಜಗುಲಿಗೆ ಏರಿಸಿ, ಕೆಳಗೆ ಕೂತು ಬಾಲ ಅಲ್ಲಾಡಿಸಿತು. ಮಕ್ಕಳಿಗೆ ಖುಷಿಯೋ ಖುಷಿ. ಚಪ್ಪಲಿ ಕಳೆದುಕೊಂಡವರು ಮಾತ್ರ ಊರು ಸುತ್ತಿ ಬಂದು ಬೈದು ಹೋಗುತ್ತಿದ್ದರು. ಬೈದು ಮುಗಿಯದಿದ್ದರೆ ಇನ್ನೊಂದು ಸುತ್ತು ಹಾಕಿ ಬಂದು ಮುಗಿಸುತ್ತಿದ್ದರು.

ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಅದಕ್ಕೆ ಇನ್ನೊಂದು ಬುದ್ಧಿಯಿತ್ತು. ಯಾರೇ ಕರೆಯಲಿ, ಅವರ ಮುಂದೆ ಬಂದು ನಿಲ್ಲುತ್ತಿರಲಿಲ್ಲ. ಸುತ್ತು ಹಾಕಿ ಅವರ ಬೆನ್ನ ಹಿಂದೆ ಹೋಗಿ ನಿಂತು, ಹಿಮ್ಮಡಿಗೆ ಮೂಗು ತಾಗಿಸುತ್ತಿತ್ತು. ಬೇರೆ ಊರಾಗಿದ್ದರೆ ಜನ ನಕ್ಕು, ತಿರುಗಿ, ಎತ್ತಿಕೊಳ್ಳುತ್ತಿದ್ದರು. ಆ ಊರಿನಲ್ಲಿ ಅದು ಕೆಟ್ಟ ಬೈಗುಳವನ್ನು ಕಿವಿಯಲ್ಲಿ ಹೇಳಿದಂತೆ ಆಯಿತು. ಜನ ಬಾಯಿಗೆ ಕೈ ಅಡ್ಡ ಹಿಡಿದು ಅದಕ್ಕೆ ‘ಹಿಂದಿನವಳು’ ಎಂದು ಹೆಸರಿಟ್ಟರು.

ಮೊದಲು ಕೇಳಲು ಬಂದವನು ಗಾಣದ ಯಜಮಾನ. ಗಾಣಕ್ಕೆ ಕಾವಲಿಗೊಂದು ನಾಯಿ ಬೇಕಿತ್ತು.

"ನಿಮ್ಮ ಮನೇಲಿ ನಮ್ಮದೊಂದು ಇದೆ, ಕೊಡಿ."

"ನಿಮ್ಮದಾದರೆ ಕರೀರಿ."

"ಸಿಂಹಾ!" ಎಂದು ಗಾಣದವನು ಗುಡುಗಿದ.

ಮರಿ ಹೊಸ್ತಿಲು ಹಾರಿ ಓಡಿತು. ಗಾಣದವನು ತೋಳು ಚಾಚಿ ಬಗ್ಗಿದ. ಮರಿ ಅವನನ್ನು ಬಳಸಿ ಹಿಂದೆ ಹೋಗಿ ನಿಂತಿತು. ಗಾಣದವನ ತೋಳು ಗಾಳಿಯನ್ನು ತಬ್ಬಿಕೊಂಡಿತು.

"ಎಲ್ಲಿ ಹೋಯ್ತು?"

"ಅಲ್ಲೇ ಇದೆಯಲ್ಲ ಯಜಮಾನ್ರೇ."

"ಅಲ್ಲೇ ಅಂದ್ರೆ ಎಲ್ಲಿ? ನನ್ನ ಕಣ್ಣಿಗೆ ಕಾಣ್ತಿಲ್ಲ. ಕಾಣದೆ ಇರೋದು ಬಂದ ಹಾಗಲ್ಲ" ಎಂದು ಗಾಣದವನು ಎದೆ ಸೆಟೆಸಿ ಮುಂದಕ್ಕೆ ನಡೆದುಬಿಟ್ಟ. ಅವನ ಹಿಮ್ಮಡಿ ನಡುಗುತ್ತಿದ್ದುದನ್ನು ತಂಗುಮನೆಯವಳು ನೋಡಿದಳು.

ಆಮೇಲೆ ಬಂದವರೂ ಹೀಗೆಯೇ. ಮುತ್ತು ಎಂದು ಕರೆದವರುಂಟು, ರಾಣಿ ಎಂದು ಕರೆದವರುಂಟು. ಮರಿ ಎಲ್ಲರ ಕರೆಗೂ ಓಡಿತು, ಎಲ್ಲರ ಬೆನ್ನಿಗೂ ಹೋಗಿ ನಿಂತಿತು, ಎಲ್ಲರೂ ಬರಿಗೈಯಲ್ಲಿ ಹೋದರು. ಒಬ್ಬೊಬ್ಬರು ಹೋದಾಗಲೂ ಮರಿ ಬಾಗಿಲಲ್ಲಿ ಕೂತು ಬೀದಿಯ ತಿರುವಿನ ತನಕ ಅವರನ್ನು ನೋಡುತ್ತಿತ್ತು. ಆ ನೋಟ ಕಂಡಾಗಲೆಲ್ಲ ತಂಗುಮನೆಯವಳಿಗೆ ಎರಡು ಮನಸ್ಸಾಗುತ್ತಿತ್ತು. ಇದು ಹೋಗದಿರಲಿ ಎಂದು ಒಂದು ಮನಸ್ಸು, ಬೇಗ ಯಾರಾದರೂ ಕೇಳಲಿ ಎಂದು ಇನ್ನೊಂದು ಮನಸ್ಸು. ಏಕೆಂದರೆ ಕೆಂಡದ ದಿನ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಯಾರೂ ಕೇಳಿ ಪಡೆಯದ ಪ್ರಾಣಿ ಸಾಲಿನ ಕಟ್ಟಕಡೆಗೆ ನಡೆಯಬೇಕು. ಕಟ್ಟಕಡೆಗೆ ನಡೆದದ್ದು ಏನಾಗುತ್ತದೆಂದು ಊರಿನಲ್ಲಿ ಹೇಳಿಕೊಡಬೇಕಾಗಿರಲಿಲ್ಲ.

ಕೊನೆಗೆ ಕುಂಬಾರನೇ ಬಂದ. ಅವನ ಮನೆಯಲ್ಲಿ ಹೋದ ವರ್ಷವಷ್ಟೇ ತಾಯಿಯ ತಟ್ಟೆ ಮಗುಚಿತ್ತು.

"ನಮ್ಮದೊಂದು ಇದೆ ತಾಯಿ, ಕೊಡಿ."

"ನಿಮ್ಮದಾದರೆ ಕರೀರಿ" ಎಂದಳು ತಂಗುಮನೆಯವಳು. ಅವಳ ದನಿಯಲ್ಲಿ ಬೇಡಿಕೆಯಿತ್ತು.

"ಬಾರವ್ವ" ಎಂದ ಕುಂಬಾರ. ಹೆಸರು ಹಿಡಿಯಲಿಲ್ಲ.

ಮರಿ ಹೋಯಿತು. ಹೋಗಿ ಅವನ ಬೆನ್ನಿಗೆ ನಿಂತಿತು. ಮೂಗು ಹಿಮ್ಮಡಿಗೆ ತಾಗಿತು. ಕುಂಬಾರನ ಕತ್ತಿನ ನರ ಉಬ್ಬಿತು. ಮುಖ ಒಂದಿಷ್ಟು ಪಕ್ಕಕ್ಕೆ ಹೊರಳಿತು, ಇನ್ನೊಂದಿಷ್ಟು ಹೊರಳಿತು, ಅಲ್ಲೇ ನಿಂತಿತು. ಕಣ್ಣಿಂದ ನೀರು ಇಳಿಯಿತು.

"ಎಲ್ಲಿದೆ ಅಂತ ಗೊತ್ತು ತಾಯಿ. ಕತ್ತು ತಿರುಗಲ್ಲ" ಎಂದು ಹೇಳಿ, ಮುಂದಕ್ಕೆ ಹೊರಟುಹೋದ.

ಸಂಜೆ ಮುಂದಾಳು ಬಂದ. ಒಳ್ಳೆಯ ಮನುಷ್ಯನೇ. ಗಂಟೆಯನ್ನು ಎದೆಗೆ ಒತ್ತಿ ಹಿಡಿದಿದ್ದ, ಸದ್ದಾಗದಿರಲೆಂದು.

"ನಾಳೆ ಒಲೆ ಆರಿಸ್ತೀವಿ. ಇದನ್ನ ಕಡೆಗೆ ನಿಲ್ಲಿಸಬೇಕಾಗತ್ತೆ, ಗೊತ್ತಲ್ಲ?"

"ಇನ್ನೂ ಮರಿ, ಯಜಮಾನ್ರೇ. ಮಂಜಲ್ಲಿ ಏನು ಕಂಡೀತು ಅದಕ್ಕೆ?"

"ಕಟ್ಟಳೆ ನಾನು ಮಾಡಿದ್ದಲ್ಲಮ್ಮ."

"ಮುರಿಯೋಕಾದ್ರೂ ಯಾರಾದ್ರೂ ಬೇಕಲ್ಲ?"

ಮುಂದಾಳು ಮರಿಯನ್ನೊಮ್ಮೆ ನೋಡಿದ. ಮರಿ ಆಗಲೇ ಅವನ ಚಪ್ಪಲಿ ಕಚ್ಚಿಕೊಂಡು ಒಳಗೆ ಹೊರಟಿತ್ತು. ಅವನು ಒಂದೇ ಕಾಲಿನ ಚಪ್ಪಲಿಯಲ್ಲಿ ಊರು ಸುತ್ತಿ ಮನೆಗೆ ಹೋದ.

ಮರುದಿನ ಒಲೆಗಳು ಆರಿದವು. ಅದರ ಮರುದಿನ ಬೆಳಕು ಹರಿಯುತ್ತಲೇ ಸಾಲು ಹೊರಟಿತು. ತಂಗುಮನೆಯವಳ ಜಾಗ ಸಾಲಿನ ನಡುವೆ. ಊರು ದಾಟುವ ತನಕ ನಡುವೆಯೇ ಇದ್ದಳು. ಆಮೇಲೆ ಹೆಜ್ಜೆ ಚಿಕ್ಕದು ಮಾಡಿದಳು. ಒಬ್ಬರು ಅವಳನ್ನು ದಾಟಿ ಹೋದರು, ಮತ್ತೊಬ್ಬರು ದಾಟಿ ಹೋದರು, ಕುಂಬಾರನೂ ದಾಟಿ ಹೋದ. ಮಂಜು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕಣ್ಣಿಗೆ ಬಂತು. ಕೊನೆಗೆ ಅವಳ ಬೆನ್ನಿಗಿದ್ದದ್ದು ಮರಿಯ ಪುಟ್ಟ ಹೆಜ್ಜೆಗಳ ಸದ್ದು ಮಾತ್ರ. ಅವಳ ಹಿಮ್ಮಡಿಗೆ ಆಗಾಗ ಒದ್ದೆ ಮೂಗು ತಾಗುತ್ತಿತ್ತು. ತಾಗಿದಾಗಲೆಲ್ಲ ಅವಳ ಜೀವಕ್ಕೆ ಸಮಾಧಾನವಾಗುತ್ತಿತ್ತು.

ನಡೆದರು, ನಡೆದರು. ಮುಂದೆ ಗಂಟೆ ದೂರವಾಗುತ್ತಿತ್ತು.

ಇದ್ದಕ್ಕಿದ್ದಂತೆ ಮೂಗು ತಾಗುವುದು ನಿಂತಿತು.

ಅವಳು ಕಿವಿಗೊಟ್ಟಳು. ಪುಟ್ಟ ಹೆಜ್ಜೆಗಳು ಓಡುತ್ತಿದ್ದವು, ಬಂದ ದಾರಿಯಲ್ಲೇ. ಆಮೇಲೆ ಬೊಗಳು ಕೇಳಿತು. ಹೆದರಿಕೆಯ ಬೊಗಳಲ್ಲ. ಕೋಳಿಗಳನ್ನು ಗುಡ್ಡೆ ಹಾಕುವಾಗ, ಮಕ್ಕಳನ್ನು ಜಗುಲಿಗೆ ಏರಿಸುವಾಗ ಬೊಗಳುತ್ತಿತ್ತಲ್ಲ, ಆ ಬೊಗಳು. ಏನನ್ನೋ ಕಂಡಿತ್ತು. ಚದುರಿದ ಏನನ್ನೋ.

ತಂಗುಮನೆಯವಳು ನಿಂತಳು. ಮುಂದೆ ಗಂಟೆ, ಹಿಂದೆ ಬೊಗಳು. ಗಂಟೆ ಕ್ಷೀಣಿಸಿತು. ಇನ್ನೊಂದು ಗಳಿಗೆ ನಿಂತರೆ ಅದು ಕೇಳಿಸುವುದೇ ಇಲ್ಲ. ಚಿಕ್ಕಂದಿನಲ್ಲಿ ಹೀಗೆಯೇ ಒಮ್ಮೆ ಮುಂದೆ ಗಂಟೆ, ಹಿಂದೆ ಒಂದು ದನಿ ಇತ್ತು. ಆಗ ಅವಳು ಓಡಿದ್ದಳು.

"ಕಲ್ಲಾದರೆ ಆಗಲಿ" ಎಂದು ಅವಳು ಗಟ್ಟಿಯಾಗಿಯೇ ಹೇಳಿದಳು. "ಕಲ್ಲಿನ ಮೇಲೆ ಮರಿಯಾದರೂ ಕೂತೀತು."

ತಿರುಗಿದಳು.

ಕಾಲು ಬೇರು ಬಿಡಲಿಲ್ಲ. ಅನುಮಾನಕ್ಕೆ ಒಂದು ಪಾದ ಎತ್ತಿ ನೋಡಿದಳು, ಎದ್ದಿತು. ಇನ್ನೊಂದನ್ನು ಎತ್ತಿದಳು, ಅದೂ ಎದ್ದಿತು. ಇಷ್ಟಕ್ಕೇ ಇಷ್ಟು ವರ್ಷ ಹೆದರಿದೆನೇ ಎಂದು ಅವಳಿಗೆ ನಗು ಬಂತು, ನಗುವಿನ ಜೊತೆ ಸಿಟ್ಟೂ ಬಂತು. ಬೊಗಳು ಕೇಳಿದತ್ತ ಓಡಿದಳು.

ಮಂಜಿನೊಳಗೆ ಸಣ್ಣ ಸಣ್ಣ ಬೆಳಕುಗಳಿದ್ದವು. ಹತ್ತಿರ ಹೋದರೆ ಕೆಂಡ. ಬಂಡೆಯಿಂದ ಸಿಡಿದು ಬಂದ, ಕಲ್ಲಿನ ಪೊಟರೆಗಳಲ್ಲಿ ಬೂದಿ ಮುಚ್ಚಿ ಕಾಪಾಡಿದ ಕೆಂಡ. ಒಂದೊಂದು ಕೆಂಡದ ಪಕ್ಕ ಒಬ್ಬೊಬ್ಬರು ಮಂಡಿ ಕಟ್ಟಿಕೊಂಡು ಕೂತಿದ್ದರು. ಮಂಡಿನೋವಿನ ಮುದುಕಿಯರು, ಮಡಿಲಲ್ಲಿ ಕೂಸು ಮಲಗಿಸಿಕೊಂಡ ಬಾಣಂತಿಯರು, ಬರಿಗಾಲಿನವನು, ಕೈಯಲ್ಲಿ ಇನ್ನೂ ಬಾಡದ ಹೂವು ಹಿಡಿದವನು. ಎಲ್ಲರ ಮುಖವೂ ದಾರಿಯ ಕಡೆಗೇ. ಎಷ್ಟೋ ವರ್ಷಗಳ ಸಾಲುಗಳಿಂದ ಕಳಚಿಕೊಂಡವರು ಅಲ್ಲೇ ಇದ್ದರು. ಮಂಜಿನಲ್ಲಿ ಯಾರಿಗೂ ವಯಸ್ಸಾಗಿರಲಿಲ್ಲ. ಮರಿ ಅವರ ಸುತ್ತ ಸುತ್ತು ಹಾಕುತ್ತ, ಒಬ್ಬೊಬ್ಬರ ಬೆನ್ನಿಗೆ ಹೋಗಿ ಮೂಗಿನಿಂದ ತಳ್ಳುತ್ತ, ಏಳಿ ಏಳಿ ಎಂದು ಬೊಗಳುತ್ತಿತ್ತು. ಅವರು ಏಳುತ್ತಿರಲಿಲ್ಲ.

ಅವರ ನಡುವೆ ಎರಡು ಜಡೆಯ ಒಬ್ಬ ಹುಡುಗಿಯಿದ್ದಳು. ಕಾಲಿಗೆ ಮುಳ್ಳು ಚುಚ್ಚಿತ್ತು.

"ಎಷ್ಟು ಹೊತ್ತೇ ತಂಗಿ ಬರೋಕೆ?" ಎಂದಳು ಹುಡುಗಿ. "ಒಂದು ಗಳಿಗೆ ನಿಲ್ಲು ಅಂದ್ರೆ ನೋಡು, ತಲೆ ಬೆಳ್ಳಗೆ ಮಾಡ್ಕೊಂಡು ಬಂದಿದೀಯ."

ತಂಗುಮನೆಯವಳು ಅಲ್ಲೇ ಕುಸಿದಳು. ತನಗೆ ಮೊಮ್ಮಗಳಾಗುವಷ್ಟು ಚಿಕ್ಕ ವಯಸ್ಸಿನ ಆ ಅಕ್ಕನ ಮಡಿಲಲ್ಲಿ ನರೆತ ತಲೆಯಿಟ್ಟು ಗೊಳೋ ಎಂದು ಅತ್ತಳು.

"ಬಂದುಬಿಡಬಾರದಾಗಿತ್ತೇನೇ ಅಕ್ಕಾ? ದಾರಿ ಇಲ್ಲೇ ಇತ್ತಲ್ಲೇ?"

"ಕರೀದೆ ಹೇಗೆ ಬರೋದೇ? ಬಿಟ್ಟು ಹೋದವರ ಮನೆಗೆ ಕರೀದೆ ಹೋಗೋಕಾಗತ್ತಾ?"

ತಂಗುಮನೆಯವಳು ಕಣ್ಣೊರೆಸಿಕೊಂಡು ಎದ್ದು ನಿಂತಳು. ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಅಷ್ಟು ಜನರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಮನೆಯ ಬಾಗಿಲಲ್ಲಿ ನಿಂತು ಹೆಂಗಸರು ದಿನಾ ಕರೆಯುವ ಹಾಗೆ ಕರೆದಳು.

"ಬನ್ರೋ, ಎಲ್ಲಾ ಬನ್ರೀ! ಹೊತ್ತಾಯ್ತು. ಊಟಕ್ಕೇಳಿ!"

ಎಲ್ಲರೂ ಎದ್ದರು. ಇದೊಂದು ಮಾತಿಗೇ ಕಾದವರಂತೆ ಸೆರಗು ಕೊಡವಿ, ಪಂಚೆ ಬಿಗಿದು, ಮಡಕೆಯ ಚೂರುಗಳಲ್ಲಿ ಕೆಂಡ ಎತ್ತಿಕೊಂಡು ಎದ್ದರು. ಮರಿಯ ಸಂಭ್ರಮ ಕೇಳಬೇಕೇ! ಆ ಬದಿ ಓಡಿತು, ಈ ಬದಿ ಓಡಿತು, ಎಲ್ಲರನ್ನೂ ಒಂದು ಮಂದೆ ಮಾಡಿ ದಾರಿಗೆ ಹಚ್ಚಿತು.

ಅತ್ತ ಮುಂದಾಳು ಗಂಟೆ ಬಾರಿಸುತ್ತ ನಡೆಯುತ್ತಲೇ ಇದ್ದ. ಬೆನ್ನಿಗೆ ಹೆಜ್ಜೆಗಳ ಸದ್ದು ಹೆಚ್ಚುತ್ತಿತ್ತು. ಪ್ರತಿ ವರ್ಷ ಈ ಹೊತ್ತಿಗೆ ಕಡಿಮೆಯಾಗಬೇಕಾದದ್ದು ಹೆಚ್ಚುತ್ತಿತ್ತು. ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೂ ತಿರುಗಲಿಲ್ಲ. ಕತ್ತುಗಳು ಮರದ ಕೊರಡಿನ ಹಾಗೆ ಸೆಟೆದಿದ್ದವು.

ಅಷ್ಟರಲ್ಲಿ ಮರಿ ಬಂತು. ಅದರ ಕಣ್ಣಿಗೆ ಈ ಉದ್ದನೆಯ ಸಾಲೂ ಚದುರಿದ ಮಂದೆಯೇ. ತುದಿಯಿಂದ ತುದಿಗೆ ಓಡಿತು. ಮುಂದಾಳಿನ ಎದುರಿಗೆ ಹೋಗಿ, ಬೊಗಳಿ, ಅವನನ್ನು ಒಂದು ಪಕ್ಕಕ್ಕೆ ಹೊರಳಿಸಿತು. ಅವನು ಹೊರಳಿದ. ಮುಂದಕ್ಕೆ ನಡೆಯುತ್ತಲೇ ಹೊರಳಿದ, ಕಟ್ಟಳೆ ಮುರಿಯಲಿಲ್ಲ. ಅವನ ಬೆನ್ನು ಹಿಡಿದು ಸಾಲು ಹೊರಳಿತು. ಮರಿ ಮತ್ತೆ ಸುತ್ತು ಹಾಕಿತು, ಮತ್ತೆ ಹೊರಳಿಸಿತು. ಹೊರಳಿ ಹೊರಳಿ, ಸಾಲು ಹೋಗಿ ದೊಡ್ಡದೊಂದು ಸುತ್ತು ಆಯಿತು. ಮುಂದಾಳು ನಡೆದು ನಡೆದು ಸಾಲಿನ ಬಾಲಕ್ಕೇ ಬಂದು ಮುಟ್ಟಿದ.

ಮಂಜು ತೆಳ್ಳಗಾಯಿತು. ಎಲ್ಲರಿಗೂ ಎದುರುಬದಿಯ ಎಲ್ಲರ ಮುಖ ಕಂಡಿತು. ಕತ್ತು ತಿರುಗಿಸಬೇಕಾಗಿಯೇ ಬರಲಿಲ್ಲ. ಬಿಟ್ಟು ಬಂದವರೆಲ್ಲ ಕೈಯಲ್ಲಿ ಕೆಂಡ ಹಿಡಿದು ಎದುರಿಗೇ ನಿಂತಿದ್ದರು.

"ಅವ್ವಾ" ಎಂದ ಕುಂಬಾರ.

"ಇದ್ದೀನಪ್ಪ. ಬಂಡೆಗೆ ಇನ್ಯಾಕೆ ಅಷ್ಟು ದೂರ ಹೋಗ್ತೀರಿ? ಕೆಂಡ ಇಲ್ಲೇ ಇದೆ, ಹಿಡಕೊಳ್ಳಿ" ಎಂದಳು ಅವನ ತಾಯಿ, ನಿನ್ನೆ ಮಾತಾಡಿ ಬಿಟ್ಟವಳ ಹಾಗೆ.

ಆಮೇಲೆ ಯಾರು ಯಾರನ್ನು ತಬ್ಬಿದರು, ಯಾರು ಯಾರ ಕಾಲಿಗೆ ಬಿದ್ದರು, ಹೇಳುತ್ತ ಹೋದರೆ ಮುಗಿಯುವುದಿಲ್ಲ. ಮುಂದಾಳಿನ ಕೈಯಿಂದ ಗಂಟೆ ಜಾರಿ ಬಿತ್ತು. "ಇದೇನು, ಎಲ್ಲರೂ ನನ್ನ ಮುಖ ಹೀಗೆ ನೋಡ್ತಿದೀರಿ?" ಎಂದು ಅವನು ನಾಚಿಕೊಂಡ. ಪಾಪ, ಊರಿನವರು ಅಲ್ಲಿಯ ತನಕ ಸಾಲಿನಲ್ಲಿ ಅವನ ಬೆನ್ನನ್ನು ಮಾತ್ರ ನೋಡಿದ್ದರು. ಬಿದ್ದ ಗಂಟೆಯನ್ನು ಅವನು ಬಗ್ಗಿ, ತಿರುಗಿ, ಎತ್ತಿಕೊಂಡ. ಎತ್ತಿಕೊಂಡ ಮೇಲೆ ಏನು ಮಾಡಿದೆನೆಂದು ಹೊಳೆದು ತನ್ನ ಕಾಲನ್ನು ತಾನೇ ಮುಟ್ಟಿ ನೋಡಿದ.

ಬಂದ ದಾರಿಯಲ್ಲೇ ಹಿಂದಿರುಗಿದರು. ಬರುವಾಗ ಕಾಣದ ಮರಗಳು ಹೋಗುವಾಗ ಕಂಡವು. ದಾರಿಯುದ್ದಕ್ಕೂ ಬಿದ್ದಿದ್ದ ಟವೆಲು, ಬುತ್ತಿಗಂಟು, ಒಂಟಿ ಚಪ್ಪಲಿಗಳನ್ನು ಎತ್ತಿಕೊಂಡರು. ಊರು ಸೇರುತ್ತಲೇ ಮನೆಮನೆಯಲ್ಲೂ ತಟ್ಟೆಗಳನ್ನು ಹೊರಳಿಸುವ ಸದ್ದೆದ್ದಿತು. ಗೂಡುಗಳಿಂದ ತಟ್ಟೆಗಳು ಇಳಿದವು, ಸಾಲದ್ದಕ್ಕೆ ಎಲೆ ಹಾಸಿದರು. ಅವತ್ತು ಯಾರಿಗೂ ಹೊಟ್ಟೆ ತುಂಬುವಷ್ಟು ಸಿಗಲಿಲ್ಲ, ಯಾರಿಗೂ ಅದು ಗೊತ್ತಾಗಲೂ ಇಲ್ಲ. ತಂಗುಮನೆಯವಳು ಅಕ್ಕನ ತಟ್ಟೆಯಲ್ಲಿ ಅರ್ಧ ಮುದ್ದೆಯಿಟ್ಟು ಸಾರು ಸುರಿದಳು. ಉಳಿದರ್ಧವನ್ನು ಮರಿಗೆ ಹಾಕಿದಳು. ತಾನು ಅವರಿಬ್ಬರು ಉಣ್ಣುವುದನ್ನು ನೋಡುತ್ತ ಕೂತಳು.

ಆದರೆ ಕಥೆ ಮರಿಯದಲ್ಲವೇ? ಅದಕ್ಕಿನ್ನೂ ಮನೆ ಸಿಕ್ಕಿರಲಿಲ್ಲ.

ಬೆಳಗಾಗುವುದರೊಳಗೆ ತಂಗುಮನೆಯ ಮುಂದೆ ಜನ ನಿಂತಿದ್ದರು. ಗಾಣದವನು, ಮುತ್ತು ಎಂದವರು, ರಾಣಿ ಎಂದವರು, ಕುಂಬಾರ, ಅವನ ತಾಯಿ. ಎಲ್ಲರಿಗೂ ಅದೇ ಮರಿ ಬೇಕು. ಸಾಲು ಹೊಸ್ತಿಲಿನಿಂದ ಶುರುವಾಗಿ, ಬೀದಿಯುದ್ದಕ್ಕೂ ಹೋಗಿ, ಇಡೀ ಊರನ್ನು ಸುತ್ತಿ, ಇನ್ನೊಂದು ಕಡೆಯಿಂದ ತಂಗುಮನೆಯ ಪಕ್ಕಕ್ಕೇ ಬಂದು ನಿಂತಿತ್ತು. ಎಲ್ಲರಿಗಿಂತ ಮುಂದೆ, ಬೇರೆ ಯಾರಿದ್ದಾರು, ಮುಂದಾಳು.

ತಂಗುಮನೆಯವಳು ಕಿಟಕಿಯಿಂದ ಇದನ್ನೆಲ್ಲ ನೋಡಿದಳು. ಸಂತೋಷಪಡಬೇಕಾದ ಹೊತ್ತು. ಅವಳಿಗೆ ಆಗಲಿಲ್ಲ. ಕಂಬಳಿಯ ಚೂರನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ನಿನ್ನೆ ಇದು ಯಾರಿಗೂ ಬೇಡವಾಗಿತ್ತು. ಇವತ್ತು ಎಲ್ಲರಿಗೂ ಬೇಕಾಗಿತ್ತು. ಎರಡು ದಿನವೂ ಬೇಕೆಂದವಳು ಅವಳೊಬ್ಬಳೇ.

"ನೀನೂ ಹೋಗಿ ಕೇಳೇ" ಎಂದಳು ಅಕ್ಕ, ಎರಡು ಜಡೆ ಹೆಣೆದುಕೊಳ್ಳುತ್ತ.

"ನಾನು ಕೇಳೋ ಹಾಗಿಲ್ಲ ಕಣೇ ಅಕ್ಕಾ. ನಾನು ಹೊಸ್ತಿಲ ಒಳಗಿನವಳು. ಕೊಡೋರು ಯಾರಾದ್ರೂ ಒಳಗೆ ಬೇಕಲ್ಲ."

"ನಾನೇನು ಹೊರಗಿದೀನಾ?"

ತಂಗುಮನೆಯವಳು ಅಕ್ಕನನ್ನು ನೋಡಿದಳು. ಎಷ್ಟೋ ವರ್ಷ ಆ ಮನೆಯ ಹೊಸ್ತಿಲ ಈಚೆ ಒಬ್ಬಳೇ ಇದ್ದವಳಿಗೆ ಆ ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಅವಳು ಕಂಬಳಿಯನ್ನು ಅಕ್ಕನ ಕೈಗೆ ಕೊಟ್ಟು, ಸೆರಗು ಸರಿಪಡಿಸಿಕೊಂಡು ಹೊರಗೆ ಹೋದಳು. ಹೋಗಿ ಸಾಲಿನ ಕಟ್ಟಕಡೆಗೆ ನಿಂತಳು. ಮುಂದಿನವರ ಬೆನ್ನು ನೋಡುತ್ತ ನಿಂತ ಅವಳ ಬೆನ್ನಿಗೆ, ನಾಲ್ಕು ಮಾರು ದೂರದಲ್ಲಿ, ಅವಳ ಮನೆಯೇ ಇತ್ತು.

"ನಿಮ್ಮ ಮನೇಲಿ ನಮ್ಮದೊಂದು ಇದೆ, ಕೊಡಿ" ಎಂದ ಮುಂದಾಳು ಹೊಸ್ತಿಲಲ್ಲಿ.

"ನಿಮ್ಮದಾದರೆ ಕರೀರಿ" ಎಂದಿತು ಹುಡುಗಿಯ ದನಿ.

"ಭಾಗ್ಯಾ!"

ಮರಿ ಹಾರಿ ಬಂತು. ಮುಂದಾಳನ್ನು ಬಳಸಿ ಹಿಂದೆ ಹೋಯಿತು. ಈ ಸಲ ಮುಂದಾಳು ಥಟ್ಟನೆ ತಿರುಗಿದ, ತೋಳು ಚಾಚಿಯೇ ತಿರುಗಿದ. ಮರಿ ಅಲ್ಲಿರಲಿಲ್ಲ. ಅವನ ಹಿಂದೆ ಇನ್ನೊಬ್ಬರಿದ್ದರು, ಅದು ಅವರ ಹಿಂದೆ ಹೋಗಿತ್ತು. ಅವರೂ ತಿರುಗಿದರು. ಅಷ್ಟರಲ್ಲಿ ಅದು ಅವರ ಹಿಂದಿನವರ ಹಿಂದೆ. ಸಿಂಹಾ, ಮುತ್ತೂ, ರಾಣೀ ಎಂದು ಬೀದಿಯೆಲ್ಲ ಕೂಗಿತು. ಮರಿ ಯಾರ ಹತ್ತಿರವೂ ನಿಲ್ಲಲಿಲ್ಲ. ಮಂದೆ ಕಾಯುವ ಜಾತಿ, ಕಟ್ಟಕಡೆಯವರನ್ನು ಮುಟ್ಟದೆ ಅದಕ್ಕೆ ನಿಲ್ಲಲು ಬರುವುದಿಲ್ಲ. ಅದು ಓಡಿದಂತೆಲ್ಲ ಒಂದೊಂದೇ ತಲೆ ಹಿಂದಕ್ಕೆ ತಿರುಗುತ್ತ ಬಂತು. ಊರು ಸುತ್ತಿ ಬಂತು. ಕೊನೆಗೆ ಊರಿಗೆ ಊರೇ ತಿರುಗಿ ನಿಂತು ಸಾಲಿನ ಬಾಲದಲ್ಲಿದ್ದ ಒಬ್ಬಳೇ ಹೆಂಗಸನ್ನು ನೋಡಿತು.

ಮರಿ ಅವಳ ಎದುರಿಗೆ ಬಂದು ಅರೆಗಳಿಗೆ ನಿಂತಿತು. ನಾಲಗೆ ಹೊರಗಿತ್ತು, ಪಕ್ಕೆ ಏರಿ ಇಳಿಯುತ್ತಿತ್ತು.

ಅವಳು ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಹಿಂದಿನವಳೇ! ಬಾರೇ!"

ಮರಿ ಅವಳನ್ನು ಬಳಸಿ ಹಿಂದೆ ಹೋಗಿ ನಿಂತಿತು. ಹಿಮ್ಮಡಿಗೆ ಒದ್ದೆ ಮೂಗು ತಾಗಿತು. ಅವಳು ತಿರುಗಿದಳು. ಮರಿ ಇತ್ತು, ಮರಿಯ ಆಚೆ ಮನೆಯಿತ್ತು, ಮನೆಯ ಬಾಗಿಲಲ್ಲಿ ಎರಡು ಜಡೆಯ ಅಕ್ಕ ಕಂಬಳಿ ಹಿಡಿದು ನಗುತ್ತಿದ್ದಳು. ಮರಿಯನ್ನು ಎತ್ತಿಕೊಳ್ಳಲು ತಂಗುಮನೆಯವಳು ಬಗ್ಗಿದಳು. ಹಿಂದಿನವಳು ಸಿಕ್ಕೀತೇ? ಮತ್ತೊಂದು ಸುತ್ತು ಹಾಕಿ ಅವಳ ಬೆನ್ನಿಗೆ ಹೋಯಿತು, ಒಮ್ಮೆ ಬೊಗಳಿತು, ಮೂಗಿನಿಂದ ತಳ್ಳಿ ತಳ್ಳಿ ಅವಳನ್ನು ಹೊಸ್ತಿಲು ದಾಟಿಸಿ ಮನೆ ಸೇರಿಸಿತು.